ಜಗುಲಿಯ ಮೇಲಿಟ್ಟ ಚೀಲ

ಬಟವಾಡಿ, ತುಮಕೂರು
12-2-1981

ಅತ್ತಿಗೆಯವರಿಗೆ ಷಡಕ್ಷರಿಯ ನಮಸ್ಕಾರಗಳು.

ಅಣ್ಣನಿಗೆ ಕಾಗದ ಹಾಕಿದರೆ ಉತ್ತರ ಬರುವುದು ಮುಂದಿನ ಯುಗಾದಿಗೆ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ನನ್ನನ್ನು ಗ್ರಾಮ ಇಂಧನ ಪ್ರಯೋಗ ಘಟಕದ ಸಂಶೋಧನಾಧಿಕಾರಿ ಮಾಡಿದ್ದಾರೆ. ಬಟವಾಡಿಯಲ್ಲಿ ಹೆದ್ದಾರಿಯ ಪಕ್ಕ ಒಂದು ಬಾಡಿಗೆ ಮನೆ ಹಿಡಿದು ಪ್ರಯೋಗಶಾಲೆ ತೆರೆದಿದ್ದೇವೆ. ಇಡೀ ಜಿಲ್ಲೆಯಲ್ಲಿ ಈ ವಿಷಯ ತಿಳಿದವನು ನಾನೊಬ್ಬನೇ ಅಂದರೆ ಜಂಬ ಅಂದುಕೊಳ್ಳಬೇಡಿ, ಇರುವ ಮಾತು.

ಸಗಣಿಯಿಂದ ಗ್ಯಾಸು ಮಾಡುವುದು ಹಳೆಯ ಕಥೆ. ನಾನು ಮಾಡಹೊರಟಿರುವುದು ರಾಗಿ ಹುಲ್ಲಿನಿಂದ. ನಿಮಗೆ ಅರ್ಥವಾಗುವ ಹಾಗೆ ಹೇಳುತ್ತೇನೆ. ಗ್ಯಾಸು ಹುಟ್ಟಿಸುವುದು ಕಣ್ಣಿಗೆ ಕಾಣದ ಜೀವಾಣುಗಳು. ಸಗಣಿ ಅವಕ್ಕೆ ಮಿದ್ದಿಟ್ಟ ಅನ್ನ. ಹುಲ್ಲು ಹಾಗಲ್ಲ, ಬಿರುಸು ನಾರು, ಅವಕ್ಕೆ ಜಗಿಯಲಾಗದು. ಮೊದಲು ಅದನ್ನು ಸುಣ್ಣದ ನೀರಿನಲ್ಲಿ ಒಂದು ವಾರ ನೆನೆಸಿ ಮೆತ್ತಗೆ ಮಾಡಬೇಕು. ಆ ಹದ ಸಿಕ್ಕಿಬಿಟ್ಟರೆ ಡ್ರಮ್ಮಿನಲ್ಲಿ ಆದದ್ದನ್ನು ದೊಡ್ಡ ತೊಟ್ಟಿಯಲ್ಲಿ ಮಾಡಬಹುದು. ಗುಬ್ಬಿಯಲ್ಲಿ ಜಾಗ ನೋಡಿದ್ದಾರೆ. ಐವತ್ತು ಮನೆಯ ಒಲೆ ಉರಿಸುವಷ್ಟು ದೊಡ್ಡದು.

ನಿಮ್ಮಿಂದ ಆಗಬೇಕಾದದ್ದು ಇಷ್ಟೇ. ವಾರಕ್ಕೆ ಒಂದು ಚೀಲ ರಾಗಿ ಹುಲ್ಲು. ಮೆದೆಯಿಂದಲೇ ಹಿರಿದದ್ದಾಗಬೇಕು, ಚೊಕ್ಕಟವಾಗಿರಬೇಕು. ಮಣ್ಣು, ಕಸ, ಏನೂ ಇರಕೂಡದು. ಇದು ತಿಪ್ಪೆಯ ಕೆಲಸವಲ್ಲ, ವಿಜ್ಞಾನ. ಹಳ್ಳಿಯವರಿಗೆ ಈ ವ್ಯತ್ಯಾಸ ಹೇಳಿ ತಿಳಿಸುವುದು ಕಷ್ಟ ಎಂದು ಒತ್ತಿ ಬರೆಯುತ್ತಿದ್ದೇನೆ.

ಷಡಕ್ಷರಿ


ಅಮೃತೂರು
21-2-1981

ಷಡಕ್ಷರಿಗೆ ಅತ್ತಿಗೆ ಶಿವರುದ್ರಮ್ಮನ ಆಶೀರ್ವಾದ.

ನಿನ್ನ ಕಾಗದವನ್ನು ನಿಮ್ಮಣ್ಣನಿಗೆ ಓದಿ ಹೇಳಿದೆ. ಜೀವಾಣುಗಳಿಗೆ ಹಲ್ಲಿಲ್ಲವಾ ಅಂತ ಕೇಳಿದರು. ನಿನ್ನನ್ನೇ ಕೇಳಬೇಕು ಅಂದೆ.

ಹುಲ್ಲು ಕಳಿಸುತ್ತೇನೆ. ಹಸು ಎತ್ತು ಸೇರಿ ಏಳು ಬಾಯಿ ಇವೆ ಇಲ್ಲಿ, ಅದನ್ನು ಮರೆತಿರಲಾರೆ. ಆ ಹಸುಗಳ ಹಾಲು ಹಾಕಿಯೇ ನಿನ್ನನ್ನು ಎಂ.ಎಸ್ಸಿ. ಓದಿಸಿದ್ದು. ಪ್ರತಿ ಸೋಮವಾರ ನಮ್ಮ ಕದರಯ್ಯ ಮೊದಲ ಬಸ್ಸಿಗೆ ಕುಣಿಗಲ್ ಮೇಲೆ ಬಂದು ಚೀಲ ಕೊಟ್ಟು ಹೋಗುತ್ತಾನೆ. ನೀನು ಹೈಸ್ಕೂಲಿಗೆ ಹೋಗುವಾಗ ನಮ್ಮಲ್ಲಿ ಕೆಲಸಕ್ಕೆ ಸೇರಿದವನು, ಗೊತ್ತಿರಬೇಕು. ಹೇಳಿದ ಮಾತು ತಪ್ಪದವನು. ಕೆಲಸದ ವಿಷಯದಲ್ಲಿ ಮಾತ್ರ ಅವನದೇ ಒಂದು ಯೋಚನೆ ಇರುತ್ತದೆ, ಸಾಮಾನ್ಯವಾಗಿ ಅದೇ ಸರಿ ಇರುತ್ತದೆ.

ಬಂದಾಗ ಅವನಿಗೆ ಒಂದು ಲೋಟ ಕಾಫಿ ಕೊಡು.

ಶಿವರುದ್ರಮ್ಮ


ಬಟವಾಡಿ, ತುಮಕೂರು
6-4-1981

ಅತ್ತಿಗೆಯವರಿಗೆ ನಮಸ್ಕಾರಗಳು.

ಗೆದ್ದೆ. ಸುಣ್ಣದಲ್ಲಿ ನೆನೆಸಿದ ಹುಲ್ಲು ಹಾಕಿದ ಡ್ರಮ್ಮು ಒಂಬತ್ತನೆಯ ದಿನಕ್ಕೆ ಗ್ಯಾಸು ಕಟ್ಟಿತು. ಬರ್ನರಿಗೆ ಕಡ್ಡಿ ಗೀರಿದೆ, ನೀಲಿ ಉರಿ. ಎರಡನೆಯ ಸಲವೂ ಬಂತು, ಮೂರನೆಯ ಸಲವೂ ಬಂತು. ಸುಣ್ಣ ಎಷ್ಟು, ನೀರು ಎಷ್ಟು, ಎಷ್ಟು ದಿನ, ಎಲ್ಲ ಬರೆದಿಟ್ಟಿದ್ದೇನೆ. ಬೆಂಗಳೂರಿನ ಡೈರೆಕ್ಟರು ನೋಡಿ ಬೆನ್ನು ತಟ್ಟಿದರು. ಸುಣ್ಣದ ವಿಧಾನ ಅಂತ ಒಂದು ಲೇಖನ ಬರೆದು ಸಮ್ಮೇಳನದಲ್ಲಿ ಓದು ಅಂದರು.

ನಿಮ್ಮ ಹುಲ್ಲು ಮೆತ್ತಗಿದೆ, ಬಣ್ಣವೂ ಚೆನ್ನಾಗಿದೆ. ಆದರೆ ಒಂದು ದೂರು. ಚೀಲ ಬಿಚ್ಚಿದರೆ ಕೊಟ್ಟಿಗೆಯ ನಾತ ಹೊಡೆಯುತ್ತದೆ. ಹುಲ್ಲಿಗೆ ನಾತ ಎಲ್ಲಿಂದ ಬರಬೇಕು, ಅದು ಹೊತ್ತು ತರುವವನದ್ದು. ಮೈ ತೊಳೆಯದೆ ಬರುತ್ತಾನೋ ಏನೋ. ಇಲ್ಲಿ ಗಾಜಿನ ಸಾಮಾನು ಇದೆ, ದೊಡ್ಡವರು ಬಂದು ಹೋಗುವ ಜಾಗ. ಇನ್ನು ಮೇಲೆ ಚೀಲ ಜಗುಲಿಯ ಮೇಲಿಟ್ಟು ಹೊರಗೇ ನಿಂತಿರಲಿ, ಒಳಗೆ ಬರುವುದು ಬೇಡ. ನಾನೇ ಹೇಳಿದ್ದೇನೆ, ನೀವೂ ಒಂದು ಸಲ ಹೇಳಿ. ಇಂಥವರಿಗೆ ಎರಡು ಸಲ ಹೇಳದೆ ತಲೆಗೆ ಹೋಗುವುದಿಲ್ಲ.

ಷಡಕ್ಷರಿ


ಅಮೃತೂರು
15-4-1981

ಷಡಕ್ಷರಿಗೆ,

ನಿನ್ನ ಉರಿ ಹತ್ತಿದ್ದು ಸಂತೋಷ. ನಿಮ್ಮಣ್ಣ ಅಂಗಡಿ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದರು.

ಕದರಯ್ಯನಿಗೆ ನಾನು ಏನೂ ಹೇಳುವುದಿಲ್ಲ. ಅವನು ದಿನಾ ಬೆಳಿಗ್ಗೆ ನಮ್ಮ ಬಾವಿಯ ಹತ್ತಿರ ಮೈ ತೊಳೆಯುವುದನ್ನು ಹದಿನೈದು ವರ್ಷದಿಂದ ನೋಡಿದ್ದೇನೆ. ಹೋದ ವಾರ ನಿನ್ನ ಬಾಗಿಲಲ್ಲಿ ಕುಡಿಯಲು ನೀರು ಕೇಳಿದನಂತೆ, ಎದುರಿಗೆ ಹೋಟೆಲ್ ಇದೆ ಅಂದೆಯಂತೆ. ಅವನು ದೂರು ಹೇಳಲಿಲ್ಲ. ಬಟವಾಡಿ ಹೋಟೆಲಿನ ನೀರು ಉಪ್ಪು ಅಂದ, ಅದರಿಂದ ಗೊತ್ತಾಯಿತು.

ಇಷ್ಟರ ಮೇಲೂ ಒಂದು ಮಾತು ಕೇಳುತ್ತೇನೆ. ಗುಬ್ಬಿಯ ತೊಟ್ಟಿಗೆ ಆಳು ಬೇಕಾಗುತ್ತದಲ್ಲ, ಅವನನ್ನು ಹಾಕಿಕೋ. ಹುಲ್ಲು ಅಂದರೆ ಏನು ಅಂತ ಅವನಿಗೆ ಗೊತ್ತು. ಅವನ ಹೆಂಡತಿ ಚಿಕ್ಕಮಾರಮ್ಮ, ಇವನಿಗೆ ಒಂದು ಸರ್ಕಾರಿ ಕೆಲಸ ಆದರೆ ಸಾಕು, ತಲೆ ಎತ್ತಿಕೊಂಡು ಓಡಾಡುತ್ತೇವೆ ಅನ್ನುತ್ತಾಳೆ.

ಶಿವರುದ್ರಮ್ಮ


ಬಟವಾಡಿ, ತುಮಕೂರು
9-11-1981

ಅತ್ತಿಗೆಯವರಿಗೆ,

ಗುಬ್ಬಿಯ ತೊಟ್ಟಿ ಮುಗಿಯುತ್ತಾ ಬಂದಿದೆ. ಇಟ್ಟಿಗೆ ಕಟ್ಟಿ ಗಾರೆ ಹಾಕಿದ್ದಾರೆ, ಮೇಲೆ ಮುಚ್ಚಲು ಕಬ್ಬಿಣದ ಡೋಮು ಬಂದಿಳಿದಿದೆ, ಗ್ಯಾಸು ತುಂಬಿದರೆ ಅದೇ ಮೇಲೇಳುತ್ತದೆ. ಪಕ್ಕದಲ್ಲಿ ಹುಲ್ಲು ನೆನೆಸುವ ನಾಲ್ಕು ಗುಂಡಿ. ಬಟವಾಡಿಯ ಡ್ರಮ್ಮು ಇದರ ಮುಂದೆ ಚೊಂಬು. ಲೆಕ್ಕ ಮಾತ್ರ ಅದೇ. ಹುಲ್ಲು ನೂರು ಪಟ್ಟು, ಸುಣ್ಣ ನೂರು ಪಟ್ಟು, ಗ್ಯಾಸು ನೂರು ಪಟ್ಟು. ಗಣಿತ ಸುಳ್ಳು ಹೇಳುವುದಿಲ್ಲ.

ನಿಮ್ಮ ಮಾತಿಗೆ ಬೆಲೆ ಕೊಟ್ಟು ಕದರಯ್ಯನನ್ನು ದಿನಗೂಲಿಗೆ ಹಾಕಿಕೊಂಡಿದ್ದೇನೆ. ಒಂದು ವರ್ಷ ಬಾಯಿ ಮುಚ್ಚಿಕೊಂಡು ಕೆಲಸ ಮಾಡಿದರೆ ಖಾಯಂ ಮಾಡಲು ಬರೆಯುತ್ತೇನೆ. ಅವನ ಯೋಚನೆ ನನಗೆ ಬೇಡ, ಕೈಕಾಲು ಸಾಕು.

ನೀವು ಇನ್ನು ಹುಲ್ಲು ಕಳಿಸಬೇಕಾಗಿಲ್ಲ. ಗುಬ್ಬಿಯ ಸುತ್ತಿನಿಂದ, ಬಿದರೆಹಳ್ಳಿ ಕಾವಲಿನ ಕಡೆಯಿಂದ, ಕಂಟ್ರಾಕ್ಟರು ಲಾರಿಯಲ್ಲಿ ತಂದು ಹಾಕುತ್ತಾರೆ. ಹೊಸ ಹುಲ್ಲು, ಒಂದು ಕಸವಿಲ್ಲ, ಬಂಗಾರದ ಬಣ್ಣ. ನಿಮ್ಮ ಒಂದು ಚೀಲದ ಕಾಲ ಮುಗಿಯಿತು.

ಷಡಕ್ಷರಿ


ಅಮೃತೂರು
20-11-1981

ಷಡಕ್ಷರಿಗೆ,

ಕದರಯ್ಯ ಹೊಸ ಪಂಚೆ ಉಟ್ಟುಕೊಂಡು ಗುಬ್ಬಿಗೆ ಹೊರಟ. ಚಿಕ್ಕಮಾರಮ್ಮ ಬಸ್ಸಿನವರೆಗೆ ಹೋಗಿ ಬಂದಳು.

ಲಾರಿಯ ಹುಲ್ಲಿನ ಸುದ್ದಿ ಓದಿ ನನಗೆ ಒಂದು ಮಾತು ಹೇಳಬೇಕು ಅನ್ನಿಸಿತು. ಕಾಗದದಲ್ಲಿ ಬೇಡ. ಸಂಕ್ರಾಂತಿಗೆ ಬಾ, ಎದುರಿಗೆ ಕೂತು ಹೇಳುತ್ತೇನೆ. ನಗಬೇಡ, ಬೈಯಲೂ ಬೇಡ.

ಶಿವರುದ್ರಮ್ಮ


ಗುಬ್ಬಿ
18-3-1982

ಅತ್ತಿಗೆಯವರಿಗೆ,

ಸಂಕ್ರಾಂತಿಗೆ ಬರಲಾಗಲಿಲ್ಲ. ನಿಮ್ಮ ಮಾತು ಏನೇ ಇರಲಿ, ಕಾಯಬಹುದು. ನನ್ನದು ಕಾಯುವಂತಿಲ್ಲ.

ಡೋಮು ಮೇಲೇಳುತ್ತಿಲ್ಲ. ಎಂಟು ವಾರ ಆಯಿತು. ಹುಲ್ಲು ನೆನೆಸಿದ್ದೇವೆ, ತುಂಬಿದ್ದೇವೆ, ಅದು ಹಾಕಿದ ಹಾಗೇ ಇದೆ. ತೇಲಿಕೊಂಡು ಮೇಲೆ ಬಂದು ಚಾಪೆ ಹಾಸಿದಂತೆ ಕೂತಿದೆ. ಸುಣ್ಣ ಸಾಲದು ಅಂತ ಎರಡರಷ್ಟು ಹಾಕಿಸಿದೆ. ಇದ್ದ ಒಂದೆರಡು ಗುಳ್ಳೆಯೂ ನಿಂತುಹೋದವು. ಮೇ ತಿಂಗಳಲ್ಲಿ ಸಮ್ಮೇಳನ, ನನ್ನ ಲೇಖನ ಅಚ್ಚಿಗೆ ಹೋಗಿದೆ. ಡೈರೆಕ್ಟರು ವಾರಕ್ಕೊಂದು ಕಾಗದ ಹಾಕಿ ಕಾರಣ ಕೇಳುತ್ತಿದ್ದಾರೆ.

ವಿಧಾನದಲ್ಲಿ ತಪ್ಪಿಲ್ಲ, ಬಟವಾಡಿಯಲ್ಲಿ ಆರು ಸಲ ಆಗಿದೆ. ಹಾಗಾದರೆ ತಪ್ಪು ಮಾಡುವ ಕೈಯಲ್ಲಿದೆ. ನಿಮ್ಮ ಕದರಯ್ಯನ ಮೇಲೆ ನನಗೆ ಅನುಮಾನ. ಸುಣ್ಣದ ಮೂಟೆಯ ಹತ್ತಿರ ಅವನೊಬ್ಬನೇ ಹೋಗುವುದು. ಯುಗಾದಿಗೆ ಎಷ್ಟು ಮನೆ ಬೆಳ್ಳಗಾಗುತ್ತವೋ ಯಾರು ಕಂಡರು. ಬುದ್ಧಿ ಇಲ್ಲದವನನ್ನು ಕ್ಷಮಿಸಬಹುದು, ಬುದ್ಧಿ ಇದೆ ಅಂದುಕೊಂಡವನನ್ನು ಸಹಿಸುವುದು ಕಷ್ಟ. ಇವನು ಎರಡನೆಯ ಜಾತಿ.

ಷಡಕ್ಷರಿ


ಅಮೃತೂರು
24-3-1982

ಷಡಕ್ಷರಿಗೆ,

ಹೋದ ನವೆಂಬರಿನಲ್ಲೇ ಬರೆಯಬೇಕಿತ್ತು. ನಾಚಿಕೆಯಿಂದ ಬಾಯಿ ಕಟ್ಟಿತ್ತು. ಈಗ ಬರೆಯುತ್ತೇನೆ, ಪೂರ್ತಿ ಓದು.

ನಿನಗೆ ಬಟವಾಡಿಗೆ ಕಳಿಸಿದ್ದು ಮೆದೆಯ ಹುಲ್ಲಲ್ಲ. ಒಂದು ಚೀಲವೂ ಅಲ್ಲ. ದನ ಬಾಯಿ ಇಡುವ ಮೊದಲು ಮೆದೆಯ ಹುಲ್ಲನ್ನು ಕೊಳೆಯಲು ಹಾಕುವುದು ನಮ್ಮ ಮನೆಯಲ್ಲಿ ಇಲ್ಲ, ಈ ಊರಲ್ಲೇ ಇಲ್ಲ. ನೀನೂ ಇಲ್ಲೇ ಹುಟ್ಟಿದವನು, ಮರೆತೆ ಅಷ್ಟೆ. ನಿನಗೆ ಬಂದದ್ದು ಎತ್ತು ಹಸು ತಿಂದು ಉಳಿಸಿದ್ದು. ಅವುಗಳ ಕಾಲ ಕೆಳಗೆ ಬಿದ್ದು, ತುಳಿಸಿಕೊಂಡು, ಹದಿನೈದು ಇಪ್ಪತ್ತು ದಿನ ಗಂಜಲದಲ್ಲಿ ನೆಂದ ಹುಲ್ಲು. ಕದರಯ್ಯ ಅದನ್ನು ಆಯ್ದು, ಸಗಣಿ ಕೊಡವಿ, ಬಂಡೆಯ ಮೇಲೆ ಒಣಗಿಸಿ ಚೀಲಕ್ಕೆ ತುಂಬುತ್ತಿದ್ದ. ಒಣಗಿದ ಮೇಲೆ ಚೊಕ್ಕಟವಾಗಿಯೇ ಕಾಣುತ್ತಿತ್ತು. ನೀನೂ ಬಣ್ಣ ಚೆನ್ನಾಗಿದೆ ಅಂದೆ.

ನಾತ ಹುಲ್ಲಿನದು, ಷಡಕ್ಷರಿ. ಅವನದಲ್ಲ.

ನಮ್ಮ ತಿಪ್ಪೆಯಲ್ಲಿ ನೋಡಿದ್ದೇನೆ. ಗಂಜಲ ಕುಡಿದ ಹುಲ್ಲು ಎರಡು ತಿಂಗಳಿಗೆ ಕರಗುತ್ತದೆ, ಒಣ ಹುಲ್ಲು ವರ್ಷವಾದರೂ ಹಾಗೇ ಇರುತ್ತದೆ. ನಿನ್ನ ಸುಣ್ಣ ಏನು ಮಾಡಿತೋ ನನಗೆ ಗೊತ್ತಿಲ್ಲ. ಮೆತ್ತಗೆ ಮಾಡಿದ್ದು ನಮ್ಮ ಕೊಟ್ಟಿಗೆ. ತಪ್ಪು ನನ್ನದು, ಚೊಕ್ಕಟವಾದದ್ದು ಕೇಳಿದಾಗ ಹೌದು ಅಂದು ಬೇರೆ ಕಳಿಸಿದೆ. ಬೈಯುವುದಿದ್ದರೆ ನನ್ನನ್ನು ಬೈ. ಕದರಯ್ಯನ ಮೇಲೆ ಒಂದು ಅಕ್ಷರ ಬರೆಯಬೇಡ, ಅವನು ಖಾಯಂ ಆಗುವುದು ನಿನ್ನ ಕೈಯಲ್ಲಿದೆ.

ನಿನ್ನ ಅತ್ತಿಗೆ
ಶಿವರುದ್ರಮ್ಮ


ಬಟವಾಡಿ, ತುಮಕೂರು
30-4-1982

ಅತ್ತಿಗೆಯವರಿಗೆ,

ನಿಮ್ಮ ಕಾಗದ ಬಂದ ದಿನ ಊಟ ಮಾಡಲಿಲ್ಲ. ಒಂದು ವರ್ಷದ ನನ್ನ ಕೆಲಸವನ್ನು ನೀವು ಕೊಟ್ಟಿಗೆಯಲ್ಲಿ ತುಳಿಸಿಟ್ಟಿರಿ. ಓದು ಬರಹ ಬಂದವರಲ್ಲವೆ ನೀವು, ಒಂದು ಸೂಚನೆ ಪಾಲಿಸಲು ಆಗಲಿಲ್ಲವೆ.

ಆದರೂ ಪರೀಕ್ಷೆ ಮಾಡದೆ ನಂಬುವವನಲ್ಲ ನಾನು. ಎರಡು ಡ್ರಮ್ಮು ಇಟ್ಟೆ. ಮೆದೆಯ ಹುಲ್ಲಿಗೆ ಸುಣ್ಣ ಹಾಕಿದ್ದು ಸತ್ತ ಹಾಗೆ ಬಿದ್ದಿದೆ. ಇಲ್ಲೇ ಒಬ್ಬರ ಕೊಟ್ಟಿಗೆಯಿಂದ ತಂದ ಹುಲ್ಲಿಗೆ ಸುಣ್ಣವೇ ಬೇಕಾಗಲಿಲ್ಲ, ಉರಿ ಬಂತು. ನೀವು ಹೇಳಿದ್ದು ನಿಜ. ಇದು ನಮ್ಮಿಬ್ಬರಲ್ಲೇ ಇರಬೇಕು. ಅಚ್ಚಾದ ಲೇಖನವನ್ನು ನಾನೀಗ ವಾಪಸು ತೆಗೆದುಕೊಂಡು, ಸುಣ್ಣವಲ್ಲ ಸ್ವಾಮಿ, ಎತ್ತಿನ ಗಂಜಲ ಅಂತ ಸಭೆಯಲ್ಲಿ ನಿಂತು ಹೇಳಿದರೆ ನಕ್ಕುಬಿಡುತ್ತಾರೆ. ಮುಂದಿನ ವರ್ಷ ಎರಡನೆಯ ಹಂತದ ಸುಧಾರಣೆ ಅಂತ ನಾನೇ ನಿಧಾನವಾಗಿ ತರುತ್ತೇನೆ. ಆಗ ಅದಕ್ಕೊಂದು ಮರ್ಯಾದೆಯ ಹೆಸರು ಇಡಬಹುದು.

ಕದರಯ್ಯನನ್ನು ಹೋದ ವಾರ ಕೆಲಸದಿಂದ ತೆಗೆದೆ. ಡೈರೆಕ್ಟರಿಗೆ ಗುಬ್ಬಿಯ ಸೋಲಿಗೆ ಒಂದು ಕಾರಣ ಬೇಕಿತ್ತು. ಸುಣ್ಣ ಕದ್ದು ಮಾರಿದ, ಹದ ಕೆಟ್ಟಿತು ಅಂತ ವರದಿ ಕೊಟ್ಟಿದ್ದೇನೆ. ಮೂಟೆ ಎಣಿಸಿದಾಗ ಒಂದೂ ಕಡಿಮೆ ಬಿದ್ದಿರಲಿಲ್ಲ, ಅದು ಬೇರೆ ಮಾತು. ಏನಾದರೂ ಬರೆಯಲೇಬೇಕಲ್ಲ. ಅವನಂಥವನಿಗೆ ಇದರಿಂದ ಹೋಗುವ ಮಾನವಾದರೂ ಏನು, ನಾಳೆ ಮತ್ತೆ ನಿಮ್ಮ ಕೊಟ್ಟಿಗೆ ಗುಡಿಸುತ್ತಾನೆ.

ಈ ಕಾಗದ ಓದಿದ ಕೂಡಲೇ ಒಲೆಗೆ ಹಾಕಿ.

ಷಡಕ್ಷರಿ


ಅಮೃತೂರು
12-5-1982

ಶ್ರೀ ಷಡಕ್ಷರಿಯವರಿಗೆ,

ನಿಮ್ಮ ಕಾಗದ ತಲುಪಿತು. ನಿಮ್ಮನ್ನು ನೀವು ಅಂತ ಬರೆಯುತ್ತಿರುವುದಕ್ಕೆ ಆಶ್ಚರ್ಯಪಡಬೇಡಿ. ನೀನು ಅನ್ನುವುದು ನಮ್ಮವರಿಗೆ.

ಕದರಯ್ಯ ಊರಿಗೆ ಬಂದು ಮೂರು ವಾರ. ಮೊದಲ ಎರಡು ದಿನ ಮನೆಯಿಂದ ಹೊರಗೇ ಬರಲಿಲ್ಲ. ಗುಬ್ಬಿಯ ಸುದ್ದಿ ಅವನಿಗಿಂತ ಮುಂಚೆ ಬಸ್ಸಿನಲ್ಲಿ ಬಂದಿತ್ತು. ಅಂಗಡಿ ಬೀದಿಯಲ್ಲಿ ಅವನಿಗೀಗ ಸುಣ್ಣದ ಕದರಯ್ಯ ಅಂತ ಹೆಸರು. ಹೋದ ವಾರ ಚಿಕ್ಕಮಾರಮ್ಮ ಎಲೆ ಅಡಿಕೆಗೆ ಚೂರು ಸುಣ್ಣ ಕೇಳಿದರೆ, ನಿಮ್ಮ ಮನೆಯಲ್ಲೇ ಮೂಟೆ ಇಲ್ಲವೇನಮ್ಮ ಅಂದರಂತೆ. ಹೋಗುವ ಮಾನ ಏನು ಅಂತ ಕೇಳಿದಿರಲ್ಲ, ಇದು.

ನಾನು ತಿಳಿದುಕೊಂಡಿದ್ದೆ, ಹುಲ್ಲಿನ ವಿಷಯ ನನ್ನ ಕಾಗದ ಬರುವ ತನಕ ನಿಮಗೆ ಗೊತ್ತಿರಲಿಲ್ಲ ಅಂತ. ಗೊತ್ತಾದ ಮೇಲೆ ಹೆದರಿ ಸುಳ್ಳು ಬರೆದಿರಿ ಅಂತ. ಮೊನ್ನೆ ಕದರಯ್ಯ ಹಟ್ಟಿಯಲ್ಲಿ ಕೂತು ಬಾಯಿ ಬಿಟ್ಟ. ಲಾರಿಯ ಹುಲ್ಲು ಮೊದಲು ಇಳಿಸಿದ ದಿನವೇ ಅವನು ನಿಮ್ಮ ಹತ್ತಿರ ಬಂದು ಹೇಳಿದನಂತೆ. ಅವನ ಮಾತನ್ನೇ ಬರೆಯುತ್ತೇನೆ.

"ಸಾಮಿ, ನಾನ್ ಬಟವಾಡಿಗೆ ತತ್ತಿದ್ದ ಹುಲ್ಲು ಇದಲ್ಲ. ಅದು ದನದ ಕಾಲ್ಕೆಳಗ್ಲುದು, ಗಂಜ್ಲ ಕುಡ್ದಿದ್ದು. ಇದ್ನ ಹಿಂಗೇ ಹಾಕುದ್ರೆ ಕರಗಾಕಿಲ್ಲ, ಬುಡಿ."

ಅದಕ್ಕೆ ನೀವು, ಎಲ್ಲ ಕೂಲಿಯವರ ಮುಂದೆ, "ನಿನ್ನನ್ನ ಹುಲ್ಲು ಹೊರೋಕೆ ಇಟ್ಕೊಂಡಿದೀನಿ, ನಂಗೆ ಪಾಠ ಹೇಳೋಕಲ್ಲ" ಅಂದಿರಂತೆ. ಆಮೇಲೆ ಎರಡು ಸಲ ಹೇಳಿದನಂತೆ. ಸುಣ್ಣ ಎರಡರಷ್ಟು ಹಾಕಿಸಿದ ದಿನ, ಸಾಮಿ, ಸಾಯ್ತದೆ ಅಂದನಂತೆ. ಮೂರನೆಯ ಸಲಕ್ಕೆ ಅವನು ಕಳ್ಳನಾದ.

ಅಂದರೆ ಸುಣ್ಣ ಅವನ ಕೈಯಲ್ಲಿ ಕಡಿಮೆ ಬೀಳಲಿಲ್ಲ. ಅವನು ಹೇಳಿದ್ದು ನಿಜವಾಯಿತು, ಅದೇ ಅವನು ಮಾಡಿದ ತಪ್ಪು. ಹುಲ್ಲು ಆಯ್ದವನು ಅವನು, ಎಷ್ಟು ದಿನ ನೆಂದರೆ ಸರಿ ಅಂತ ಕೈಯಲ್ಲಿ ಹಿಸುಕಿ ನೋಡಿ ತಂದವನು ಅವನು. ನಿಮ್ಮ ಪ್ರಯೋಗ ಮಾಡಿದವನು ನಿಮ್ಮ ಜಗುಲಿಯ ಕೆಳಗೆ ಬಿಸಿಲಿನಲ್ಲಿ ನಿಂತಿದ್ದ. ನೀವು ಒಳಗೆ ಕೂತು ಬರೆದುಕೊಂಡಿರಿ, ಅಷ್ಟೆ.

ಒಂದೇ ಒಂದು ಕೆಲಸ ಮಾಡಿ. ಆಫೀಸಿನ ಕಾಗದದ ಮೇಲೆ, ಸೀಲು ಒತ್ತಿ, ಕದರಯ್ಯ ಸುಣ್ಣ ಕದ್ದಿಲ್ಲ ಅಂತ ಒಂದು ಸಾಲು ಬರೆದು ಕಳಿಸಿ. ಅವನಿಗೆ ನಿಮ್ಮ ಕೆಲಸ ಬೇಡವಂತೆ. ಆ ಸಾಲು ಸಾಕಂತೆ. ಲೇಖನ, ಸಮ್ಮೇಳನ, ಎಲ್ಲ ನೀವೇ ಇಟ್ಟುಕೊಳ್ಳಿ.

ಶಿವರುದ್ರಮ್ಮ


ಅಮೃತೂರು
2-8-1982

ಶ್ರೀ ಷಡಕ್ಷರಿಯವರಿಗೆ,

ಆ ಒಂದು ಸಾಲು ಇನ್ನೂ ಬಂದಿಲ್ಲ. ಕಾರ್ಡಿನಲ್ಲಿ ಬರೆಯುತ್ತಿದ್ದೇನೆ, ಪೋಸ್ಟ್‌ಮ್ಯಾನ್ ಓದಿದರೂ ಅಡ್ಡಿಯಿಲ್ಲ.

ಶಿವರುದ್ರಮ್ಮ


ಬಟವಾಡಿ, ತುಮಕೂರು
5-1-1983

ತಾಯಿಗೆ ಸಮಾನರಾದ ಅತ್ತಿಗೆಯವರ ಪಾದಗಳಿಗೆ ಷಡಕ್ಷರಿಯ ಸಾಷ್ಟಾಂಗ ನಮಸ್ಕಾರಗಳು.

ಕೆಲಸದ ಒತ್ತಡದಲ್ಲಿ ಕಾಗದ ಬರೆಯಲಾಗಲಿಲ್ಲ. ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ. ಈ ಸಲ ಸಂಕ್ರಾಂತಿಗೆ ಖಂಡಿತ ಬರಬೇಕು ಅಂತಿದ್ದೆ, ಆದರೆ ಇಪ್ಪತ್ತನೇ ತಾರೀಖು ಡೈರೆಕ್ಟರು ಬರುತ್ತಿದ್ದಾರೆ. ಬೆಳಿಗ್ಗೆ ಹತ್ತಕ್ಕೆ ಬಟವಾಡಿಯಲ್ಲಿ ಕಾಗದಪತ್ರ ನೋಡಿ, ಆಮೇಲೆ ಗುಬ್ಬಿಗೆ. ಘಟಕ ಉಳಿಯುವುದೋ ಮುಚ್ಚುವುದೋ ಅವತ್ತು ತೀರ್ಮಾನ. ನನ್ನ ಬಡ್ತಿಯೂ ಅದರಲ್ಲೇ ಇದೆ.

ಗುಬ್ಬಿಯಲ್ಲಿ ಎರಡನೆಯ ಹಂತ ಶುರು ಮಾಡಿದ್ದೇನೆ. ದನ ತುಳಿದ ಹುಲ್ಲನ್ನೇ ಹಾಕಿಸಬೇಕು ಅಂತಿದ್ದೆ. ಅಷ್ಟು ಕೊಟ್ಟಿಗೆಗಳಿಂದ ಒಟ್ಟು ಮಾಡುವುದು ಆಗದ್ದಕ್ಕೆ ಲಾರಿಯ ಹುಲ್ಲಿಗೇ ಗಂಜಲ ಚಿಮುಕಿಸಿ ಮಾರನೆಯ ದಿನ ತುಂಬಿಸಿದೆ. ಸ್ವಲ್ಪ ಗ್ಯಾಸು ಬರುತ್ತದೆ, ನಿಲ್ಲುತ್ತದೆ. ಮತ್ತೆ ಅದೇ ಚಾಪೆ ತೇಲುತ್ತದೆ. ಏನೋ ಒಂದು ಹದ ತಪ್ಪುತ್ತಿದೆ, ಪುಸ್ತಕದಲ್ಲಿ ಸಿಗುತ್ತಿಲ್ಲ.

ಕುಣಿಗಲ್ಲಿನಿಂದ ಬಂದ ಒಬ್ಬರು ಹೇಳಿದರು, ನಿಮ್ಮ ಹಿತ್ತಲಲ್ಲಿ ಕದರಯ್ಯ ಒಂದು ತೊಟ್ಟಿ ಕಟ್ಟಿದ್ದಾನಂತೆ, ನಿಮ್ಮ ಅಡುಗೆಮನೆಯ ಒಲೆ ಅದರಲ್ಲೇ ಉರಿಯುತ್ತಿದೆಯಂತೆ. ಇದನ್ನು ನೀವು ನನಗೆ ತಿಳಿಸಬಹುದಿತ್ತು. ಇರಲಿ. ಅವನನ್ನು ಹದಿನೈದನೇ ತಾರೀಖಿಗೆ ಗುಬ್ಬಿಗೆ ಕಳಿಸಿ. ಹಿಂದಿನದನ್ನು ನಾನು ಮರೆಯುತ್ತೇನೆ, ಕೂಲಿ ಕೊಡಿಸುತ್ತೇನೆ. ಡೈರೆಕ್ಟರ ಎದುರಿಗೆ ಮಾತ್ರ ಬರಬಾರದು, ಬಂದರೂ ಮಾತಾಡಬಾರದು. ನಿಮ್ಮ ತೊಟ್ಟಿಯನ್ನು ಘಟಕದ ಅಮೃತೂರು ಶಾಖೆ ಅಂತ ತೋರಿಸಿಕೊಳ್ಳುತ್ತೇನೆ, ನೀವು ಇಲ್ಲ ಅನ್ನಬೇಡಿ. ಮನೆಯ ಮರ್ಯಾದೆಯ ಪ್ರಶ್ನೆ.

ನಿಮ್ಮ ಮೈದುನ
ಷಡಕ್ಷರಿ


ಅಮೃತೂರು
19-1-1983

ಶ್ರೀ ಷಡಕ್ಷರಿಯವರಿಗೆ,

ಈ ಕಾಗದ ನಿಮ್ಮ ಕೈಗೆ ಬರುವ ಹೊತ್ತಿಗೆ ನಿಮ್ಮ ಡೈರೆಕ್ಟರು ಬಂದು ಹೋಗಿರುತ್ತಾರೆ. ಬೇಕೆಂತಲೇ ಹಾಗೆ ಮಾಡಿದ್ದೇನೆ.

ಹಿತ್ತಲ ತೊಟ್ಟಿ ಇರುವುದು ನಿಜ. ಹೆಚ್ಚು ದೊಡ್ಡದಲ್ಲ, ನಮ್ಮ ಮನೆಗೂ ಕದರಯ್ಯನ ಮನೆಗೂ ಆಗುವಷ್ಟು. ಅವನು ಅದನ್ನು ನೂರು ಪಟ್ಟು ಮಾಡಲು ಹೋಗಲಿಲ್ಲ. ಏಳು ದನ ಎಷ್ಟು ತುಳಿಯುತ್ತವೋ ಅಷ್ಟು, ಅಂದ. ಹುಲ್ಲು ಇಪ್ಪತ್ತು ದಿನ ಕಾಲ ಕೆಳಗೆ ಇರಬೇಕು. ಒಂದು ರಾತ್ರಿ ಚಿಮುಕಿಸಿದರೆ ಮೈಮೇಲೆ ಒದ್ದೆ ಆಗುತ್ತದೆಯೇ ಹೊರತು ಒಳಗೆ ಇಳಿಯುವುದಿಲ್ಲ. ದಿನಾ ಬೆಳಿಗ್ಗೆ ಸಂಜೆ ಕೋಲು ಹಾಕಿ ತೇಲಿದ್ದನ್ನು ಮುಳುಗಿಸಬೇಕು. ನೋಡಿ, ನಿಮಗೆ ಪುಸ್ತಕದಲ್ಲಿ ಸಿಗದ ಹದ ಹೇಳಿಬಿಟ್ಟೆ. ಕದರಯ್ಯನೇ ಹೇಳಿ ಅಂದ. ಐವತ್ತು ಮನೆ ಒಲೆ ಏನ್ ತಪ್ಪು ಮಾಡವೆ ಅಂದ. ನಾನಾಗಿದ್ದರೆ ಹೇಳುತ್ತಿರಲಿಲ್ಲ.

ಹಾಗಂತ ಅವನು ನಿಮ್ಮನ್ನು ಕ್ಷಮಿಸಿದ್ದಾನೆ ಅಂದುಕೊಳ್ಳಬೇಡಿ. ನಿಮ್ಮ ಕಾಗದ ಓದಿ ಹೇಳಿದಾಗ, ಹಿಂದಿನದನ್ನು ಮರೆಯುತ್ತೇನೆ ಅನ್ನುವ ಸಾಲಿಗೆ ಬಂದಾಗ, ಇನ್ನೊಂದು ಸಲ ಓದಿ ಅಂದ. ಓದಿದೆ. ಎದ್ದು ಹೋಗಿ ದನಕ್ಕೆ ನೀರು ತೋರಿಸಿದ. ಅಷ್ಟು ಹೊತ್ತೂ ಬೆನ್ನು ಮಾಡಿಕೊಂಡಿದ್ದ. ಎಂಟು ತಿಂಗಳು ಒಂದು ಸಾಲಿಗೆ ಕಾದವನು. ನಿಮ್ಮ ನಾಲ್ಕು ಪುಟದಲ್ಲಿ ಆ ಸಾಲು ಮಾತ್ರ ಇರಲಿಲ್ಲ.

ಆಗ ನನಗೆ ನೆನಪಾಯಿತು, ಆ ಸಾಲನ್ನು ನೀವು ಆಗಲೇ ಬರೆದಿದ್ದೀರಿ ಅಂತ. ಮೂಟೆ ಎಣಿಸಿದಾಗ ಒಂದೂ ಕಡಿಮೆ ಬಿದ್ದಿರಲಿಲ್ಲ ಅಂತ. ನಿಮ್ಮದೇ ಅಕ್ಷರ, ನಿಮ್ಮದೇ ಸಹಿ. ಒಲೆಗೆ ಹಾಕಿ ಅಂದಿದ್ದಿರಿ. ನಮ್ಮ ಒಲೆಗೆ ಈಗ ಕಾಗದ ಬೇಕಾಗಿಲ್ಲ, ಗ್ಯಾಸಿನದು.

ನಿಮ್ಮಣ್ಣನ ವಿಷಯ ಹೇಳಬೇಕು. ನಾಲ್ಕು ದಿನ ನನ್ನ ಹತ್ತಿರ ಮಾತು ಬಿಟ್ಟಿದ್ದರು. ಒಡಹುಟ್ಟಿದವನು, ಮನೆ ಮರ್ಯಾದೆ, ಊರು ಏನಂದೀತು ಅಂತ. ನಾನು ವಾದ ಮಾಡಲಿಲ್ಲ. ನಿಮ್ಮ ಕಾಗದಗಳನ್ನು ಮೊದಲಿಂದ ಕೊನೆಯವರೆಗೆ ಅವರ ಮುಂದಿಟ್ಟು ಹಾಲು ಕರೆಯಲು ಹೋದೆ. ಬರುವಷ್ಟರಲ್ಲಿ ಅವರು ಜಗುಲಿಯ ಮೇಲೆ ಕೂತು ಗೋಣಿ ಚೀಲ ಕೊಡವುತ್ತಿದ್ದರು. ಹೈಸ್ಕೂಲಿಗೆ ಹೋಗುವಾಗ ಅವನ ಪುಸ್ತಕದ ಚೀಲ ಕದರಯ್ಯ ಹೊತ್ತುಕೊಂಡು ಹೋಗ್ತಿದ್ದ ಕಣೇ, ಅಂದರು. ಚೀಲದ ಬಾಯಿ ಹೊಲಿದವರೂ ಅವರೇ.

ನಾಳೆ ಮೊದಲ ಬಸ್ಸಿಗೆ ಕದರಯ್ಯ ಹೊರಡುತ್ತಾನೆ. ಹತ್ತಕ್ಕೆ ಮೊದಲೇ ಬಟವಾಡಿಯಲ್ಲಿರುತ್ತಾನೆ. ನಿಮ್ಮ ಅಪ್ಪಣೆಯಂತೆ ಒಳಗೆ ಬರುವುದಿಲ್ಲ, ಕಾಫಿ ಕೇಳುವುದಿಲ್ಲ, ಡೈರೆಕ್ಟರ ಹತ್ತಿರ ಮಾತಾಡುವುದಿಲ್ಲ. ಚೀಲ ಜಗುಲಿಯ ಮೇಲಿಟ್ಟು ಹೊರಗೇ ನಿಂತಿರುತ್ತಾನೆ. ಚೀಲಕ್ಕೆ ಕಟ್ಟಿದ ಚೀಟಿಯಲ್ಲಿ ನಿಮ್ಮ ಹೆಸರಿಲ್ಲ, ಡೈರೆಕ್ಟರದಿದೆ. ಬಿಚ್ಚಿದರೆ ಮೇಲೆ ಹುಲ್ಲು, ಅದರ ಕೆಳಗೆ ನಿಮ್ಮ ಕಾಗದಗಳು, ಮೊದಲನೆಯದರಿಂದ ಕೊನೆಯದರವರೆಗೆ, ತಾರೀಖಿನ ಪ್ರಕಾರ.

ಹುಲ್ಲು ಈ ಸಲ ಮೆದೆಯದೇ. ನೀವು ಕೇಳಿದ ಹಾಗೆ, ಒಂದು ಕಸವಿಲ್ಲ, ದನ ಮೂಸಿಯೂ ಇಲ್ಲ. ಡೈರೆಕ್ಟರಿಗೆ ನಾತ ಬಡಿದರೆ ಅದು ಹುಲ್ಲಿನದಲ್ಲ, ಹೊತ್ತು ತಂದವನದೂ ಅಲ್ಲ.

ಶಿವರುದ್ರಮ್ಮ